ನೀನು ತೆಗೆಸಿದ ಆ ಕೆಂಪು ಹೂವು

ಮೈಸೂರು
ಅಕ್ಟೋಬರ್ 30

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. ಆಫೀಸಿನಲ್ಲಿ ಯಾರೋ ನಿನ್ನ ಕೋಟಿನ ಕಡೆ ನೋಡಿ, 'ನಿನ್ನ ಪಾಪ್ಪಿ ಎಲ್ಲಿ?' ಅಂದರಂತೆ. ಯುದ್ಧಗಳಲ್ಲಿ ಸತ್ತ ಸೈನಿಕರ ನೆನಪಿಗೆ ಅಂತ ನಿಮ್ಮ ಇಂಗ್ಲೆಂಡಿನಲ್ಲಿ ಎದೆಗೆ ಚುಚ್ಚಿಕೊಳ್ಳುವ ಆ ಕೆಂಪು ಕಾಗದದ ಹೂವು. ನೀನು 'ನಾನು ಹಾಕಲ್ಲ' ಅಂದೆಯಂತೆ. ಆಮೇಲೆ ಯಾರೂ ಏನೂ ಅನ್ನಲಿಲ್ಲ, ಆದರೆ ಮಧ್ಯಾಹ್ನ ಊಟಕ್ಕೆ ನಿನ್ನನ್ನು ಕರೆಯಲೂ ಇಲ್ಲ. ಅದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಮಾತಾಡಲು ಹೋದರೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಇದೇ ಹೂವಿಗಾಗಿ ನೀನೂ ನಾನೂ ಮುನಿಸಿಕೊಂಡಿದ್ದೆವು, ಅಲ್ವಾ? ನಿಮ್ಮೂರಿನ ರೈಲ್ವೆ ಸ್ಟೇಷನ್ ಬಾಗಿಲಲ್ಲಿ ವಯಸ್ಸಾದವರೊಬ್ಬರು ಕೊರಳಿಗೆ ಹೂವಿನ ಟ್ರೇ ತಗಲಿಸಿಕೊಂಡು ನಿಂತಿದ್ದರು. ಕೋಟಿನ ಮೇಲೆ ಮೆಡಲುಗಳು. ಚಳಿಗೆ ಬೆರಳುಗಳು ಸೆಟೆದುಕೊಂಡಿದ್ದವು. ನಾನು ಡಬ್ಬಿಗೆ ಒಂದು ಪೌಂಡ್ ಹಾಕಿದೆ. ಅವರು ಒಂದು ಹೂವು ಆರಿಸಿ, ಪಿನ್ ಹುಡುಕಿ, ಎರಡನ್ನೂ ನನ್ನ ಅಂಗೈಯಲ್ಲಿಟ್ಟರು. ನಾನು ಸ್ವೆಟರಿಗೆ ಚುಚ್ಚಿಕೊಂಡೆ. ಮನೆಗೆ ಬಂದು ಬಾಗಿಲು ಹಾಕುತ್ತಿದ್ದ ಹಾಗೇ ನೀನು, 'ಅಮ್ಮಾ, ಅದನ್ನ ತೆಗಿ. ಅದು ನಮ್ಮನ್ನ ಆಳಿದವರ ಹೂವು' ಅಂದೆ. ತೆಗೆದೆ. ಆದರೆ ಬಿಸಾಡಲಿಲ್ಲ. ಪೂಜೆಯ ಪುಸ್ತಕದ ನಡುವೆ ಇಟ್ಟುಕೊಂಡು ಇಲ್ಲಿಗೇ ತಂದೆ. ಈಗ ನನ್ನ ಮುಂದೆ ಮೇಜಿನ ಮೇಲಿದೆ. ಕೆಂಪು ಕಾಗದದ ಎಸಳು, ನಡುವೆ ಕಪ್ಪು ಬೊಟ್ಟು, ಪಕ್ಕಕ್ಕೊಂದು ಹಸಿರು ಎಲೆ. ಪಿನ್ ಚುಚ್ಚಿದ ಕಡೆ ಸ್ವಲ್ಪ ಹರಿದಿದೆ.

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು ನಾನು. ಆದರೂ ಈ ಹೂವಿನ ಕತೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನೀನು ಹಾಗಂದ ಮೇಲೆ ಲೈಬ್ರರಿಗೆ ಹೋಗಿ ಕೂತೆ, ಸಿಕ್ಕಿದ್ದನ್ನೆಲ್ಲ ಓದಿದೆ. ನೀನು ಹೇಳಿದ್ದರಲ್ಲಿ ತುಂಬಾ ನಿಜ ಇತ್ತು. ನಿನಗೂ ಗೊತ್ತಿರದ ಕೆಲವು ಸಂಗತಿಗಳೂ ಸಿಕ್ಕಿದವು.

ಮೊದಲು ಹೂವಿನ ವಿಷಯ. ನಾವು ಹಬ್ಬಕ್ಕೆ ಏಲಕ್ಕಿ, ಕಾಯಿ ಹಾಕಿ ರುಬ್ಬಿ ಪಾಯಸ ಮಾಡುವ ಗಸಗಸೆ ಇದೆಯಲ್ಲ, ಅದರ ದಾಯಾದಿ ಈ ಹೂವು. ಗಸಗಸೆಯ ಗಿಡವೇ ಅಲ್ಲ, ಅದೇ ಕುಲದ ಇನ್ನೊಂದು ಗಿಡ, ಹೊಲದ ಕಳೆ. ಅದರ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತೆ. ನೆಲ ಅಗೆದು ತಿರುವಿದರೆ ಮಾತ್ರ ಮೊಳೆಯುತ್ತೆ. ಮೊದಲನೇ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನ ನೆಲವನ್ನು ಅಗೆದಿದ್ದು ನೇಗಿಲಲ್ಲ, ಫಿರಂಗಿ ಗುಂಡು. ಹೆಣ ಹೂತ ಮಣ್ಣಿನ ಮೇಲೆ ಕೆಂಪು ಹೂವು ಎದ್ದಿತು. 1915ರ ಮೇ ತಿಂಗಳಲ್ಲಿ ಜಾನ್ ಮೆಕ್ರೇ ಎಂಬ ಕೆನಡಾದ ಸೈನ್ಯದ ಡಾಕ್ಟರು ಗೆಳೆಯನನ್ನು ಕಳೆದುಕೊಂಡು, ಆ ಹೂವುಗಳನ್ನು ನೋಡುತ್ತ ಒಂದು ಕವಿತೆ ಬರೆದರು. ಶುರುವಿನಲ್ಲಿ ಸತ್ತವರೇ ಮಾತಾಡುತ್ತಾರೆ. ಮೊನ್ನೆ ಮೊನ್ನೆವರೆಗೆ ಬದುಕಿದ್ದೆವು, ಪ್ರೀತಿಸಿದ್ದೆವು ಅನ್ನುತ್ತಾರೆ. ಓದಿದರೆ ಕರುಳು ಹಿಂಡಿದ ಹಾಗಾಗುತ್ತೆ. ಆದರೆ ಕೊನೆಗೆ ಬರುವಾಗ ಅದೇ ಸತ್ತವರು, ಶತ್ರುವಿನ ಜೊತೆಗಿನ ಜಗಳ ನೀವು ಮುಂದುವರಿಸಿ ಅನ್ನುತ್ತಾರೆ. ಅಳುವೂ ಅಲ್ಲೇ ಇದೆ, ಯುದ್ಧದ ಕರೆಯೂ ಅಲ್ಲೇ ಇದೆ. ಇವತ್ತು ನಿಮ್ಮ ಆಫೀಸಿನಲ್ಲಿ ನಡೆದ ಜಗಳದ ಬೇರು ಅಲ್ಲೇ ಇತ್ತು ಅಂತ ನನಗೆ ಅನಿಸಿತು.

ಯುದ್ಧ ಮುಗಿದು ಮೂರು ವರ್ಷಕ್ಕೆ, 1921ರಲ್ಲಿ, ಬ್ರಿಟನ್ನಿನಲ್ಲಿ ಮೊದಲ ಸಲ ಈ ಹೂವು ಮಾರಿದರು. ಫ್ರಾನ್ಸಿನ ಅನ್ನಾ ಗೆರಾಂ ಎಂಬಾಕೆ ಆ ಯೋಚನೆಯನ್ನು ಅಲ್ಲಿಗೆ ಒಯ್ದರು. ಮರುವರ್ಷವೇ ಮೇಜರ್ ಹೋಸನ್ ಎಂಬವರು ಲಂಡನ್ನಿನಲ್ಲಿ ಹೂವಿನ ಕಾರ್ಖಾನೆ ಶುರು ಮಾಡಿದರು. ಕೆಲಸಕ್ಕೆ ಬಂದ ಮೊದಲಿನವರು ಐದೇ ಜನ, ಐವರೂ ಯುದ್ಧದಲ್ಲಿ ಅಂಗ ಊನವಾದವರು. ಒಂದು ಕೈ ಇಲ್ಲದವನೂ ಜೋಡಿಸಲು ಆಗಬೇಕು, ಹೂವು ಅಷ್ಟು ಸರಳವಾಗಿರಬೇಕು ಅಂತ ಅದನ್ನು ಹಾಗೆ ಮಾಡಿದ್ದಂತೆ. ಇದನ್ನು ಓದಿದ ದಿನ ಈ ಕಾಗದದ ಹೂವನ್ನು ಒಂದೇ ಕೈಯಲ್ಲಿ ಬಿಚ್ಚಿ ಜೋಡಿಸಲು ನೋಡಿದೆ. ಎಸಳು ಜಾರಿ ಜಾರಿ ಬೀಳುತ್ತಿತ್ತು. ದಿನವಿಡೀ ಅದನ್ನೇ ಮಾಡಿ ಹೊಟ್ಟೆ ಹೊರೆದ ಆ ಗಂಡಸರನ್ನು ನೆನೆದು ಕಣ್ಣು ಒದ್ದೆಯಾಯಿತು.

ಈಗ ನೀನು ಸಿಟ್ಟಾಗುವ ಸಂಗತಿ. ಆ ಹೂವಿನ ನಡುವಿನ ಕಪ್ಪು ಗುಂಡಿಯ ಮೇಲೆ 1994ರವರೆಗೆ 'ಹೇಗ್ ಫಂಡ್' ಅಂತ ಬರೆದಿರುತ್ತಿತ್ತು. ಹೇಗ್ ಅಂದರೆ ಫ್ರಾನ್ಸಿನಲ್ಲಿ ನಡೆದ ಸೊಮ್ ಕದನದಲ್ಲಿ ಬ್ರಿಟಿಷರ ಸೇನಾಪತಿ. 1916ರ ಜುಲೈ 1, ಒಂದೇ ದಿನ ಬ್ರಿಟಿಷ್ ಸೈನ್ಯದ 19 ಸಾವಿರಕ್ಕೂ ಹೆಚ್ಚು ಜನ ಸತ್ತರು. ಯಾರ ಅಪ್ಪಣೆಗೆ ಮಕ್ಕಳು ಸತ್ತರೋ ಅವನ ಹೆಸರನ್ನೇ ತಾಯಂದಿರು ಎದೆಯ ಮೇಲೆ ಚುಚ್ಚಿಕೊಳ್ಳಬೇಕಿತ್ತು.

ಎಲ್ಲ ತಾಯಂದಿರೂ ಚುಚ್ಚಿಕೊಳ್ಳಲಿಲ್ಲ. 1933ರಲ್ಲಿ ಅಲ್ಲಿನ ಸಹಕಾರಿ ಮಹಿಳಾ ಸಂಘದ ಹೆಂಗಸರು ಬಿಳಿ ಪಾಪ್ಪಿ ಮಾಡಿದರು. ಅವರಲ್ಲಿ ಎಷ್ಟೋ ಜನ ಗಂಡನನ್ನೋ ಮಗನನ್ನೋ ಅಣ್ಣತಮ್ಮನನ್ನೋ ಕಳೆದುಕೊಂಡವರು. ನಮ್ಮವರು ಸತ್ತಿದ್ದು ಸಾಕು, ಇನ್ನೊಬ್ಬರ ಮಕ್ಕಳೂ ಸಾಯುವುದು ಬೇಡ ಅಂತ ಅವರ ಮಾತು. ಸೈನಿಕರಷ್ಟೇ ಅಲ್ಲ, ಯುದ್ಧದಲ್ಲಿ ಸತ್ತ ಸಾಮಾನ್ಯ ಜನ, ಎದುರು ಪಕ್ಷದವರು, ಎಲ್ಲರಿಗೂ ಆ ಹೂವು. ಬಿಳಿ ಹೂವು ಹಾಕಿಕೊಂಡಿದ್ದಕ್ಕೆ ಆಗ ಕೆಲವು ಹೆಂಗಸರ ಕೆಲಸವೇ ಹೋಯಿತು. ಬಿಳಿ ಹಾಕಿಕೊಂಡವರು ಸತ್ತವರಿಗೆ ಅವಮಾನ ಮಾಡುತ್ತಾರೆ ಅಂತ ಇವತ್ತಿಗೂ ಹೇಳುವವರಿದ್ದಾರಂತೆ. ಮಗನನ್ನೇ ಕೊಟ್ಟ ತಾಯಿಗೆ ಆ ಮಾತು ಹೇಳುವ ಹಕ್ಕು ಯಾರಿಗಿದೆ?

ಐರ್ಲೆಂಡಿನ ಕತೆ ಇನ್ನೂ ಕಷ್ಟದ್ದು. ಜೇಮ್ಸ್ ಮೆಕ್ಲೀನ್ ಎಂಬ ಫುಟ್‌ಬಾಲ್ ಆಟಗಾರ ನಿನಗೆ ಗೊತ್ತಿರಬಹುದು. ಅವನ ಊರು ಬ್ರಿಟನ್ನಿನ ಆಳ್ವಿಕೆಗೆ ಸೇರಿದ ಉತ್ತರ ಐರ್ಲೆಂಡಿನ ಡೆರ್ರಿ. 1972ರ ಜನವರಿ 30ರಂದು ಅಲ್ಲಿ ಮೆರವಣಿಗೆಗೆ ಬಂದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನರನ್ನು ಕೊಂದರು. ಎರಡು ಮಹಾಯುದ್ಧಗಳಲ್ಲಿ ಸತ್ತವರಿಗಷ್ಟೇ ಈ ಹೂವಾಗಿದ್ದರೆ ಹಾಕಿಕೊಳ್ಳುತ್ತಿದ್ದೆ, ಆದರೆ ಇದು ಎಲ್ಲ ಯುದ್ಧಗಳಿಗೂ ಸೇರಿದ್ದಾದ್ದರಿಂದ ಆಗುವುದಿಲ್ಲ ಅಂತ ಅವನು 2014ರಲ್ಲಿ ತನ್ನ ಕ್ಲಬ್ಬಿನ ಯಜಮಾನರಿಗೆ ಪತ್ರ ಬರೆದ. ಎಷ್ಟು ಮರ್ಯಾದೆಯ ಮಾತು ನೋಡು. ಆದರೂ ವರ್ಷ ವರ್ಷವೂ ಮೈದಾನದಲ್ಲಿ ಅವನನ್ನು ಕೂಗಿ ಹಂಗಿಸಿದರು. ಅದೇ ನಾಡಿನ ಎನಿಸ್ಕಿಲೆನ್‌ನಲ್ಲಿ 1987ರ ನವೆಂಬರ್ 8ರಂದು, ಸತ್ತವರನ್ನು ನೆನೆಯಲು ಸ್ಮಾರಕದ ಹತ್ತಿರ ನಿಂತಿದ್ದ ಜನರ ನಡುವೆ ಬ್ರಿಟಿಷ್ ಆಳ್ವಿಕೆ ಬೇಡವೆಂದು ಶಸ್ತ್ರ ಹಿಡಿದಿದ್ದ ಐಆರ್‌ಎ ಗುಂಪಿನ ಬಾಂಬು ಸಿಡಿಯಿತು. ಅವತ್ತೇ 11 ಜನ ಸತ್ತರು. ಅವರ ಮನೆಯವರಿಗೆ ಈ ಹೂವು ಬೇರೆಯೇ ಮಾತು ಹೇಳುತ್ತೆ. ಎರಡೂ ಊರಿನವರದು ನಿಜವಾದ ನೋವೇ.

ಬೇಗೂರಿನ ದೇವಸ್ಥಾನದಲ್ಲಿ ಒಂದು ಹಳೆಯ ಕಲ್ಲನ್ನು ನಿನಗೆ ತೋರಿಸಿದ್ದೆ, ಸಾವಿರದ ನೂರು ವರ್ಷದ್ದು. ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಹೆಸರು ಅದರಲ್ಲಿದೆ. ನಮ್ಮ ವೀರಗಲ್ಲುಗಳು ಹೆಚ್ಚಾಗಿ ಹಾಗೇ. ಇಂಥವನು, ಇಂಥ ಕಡೆ, ದನ ಬಿಡಿಸಲು ಹೋಗಿ ಸತ್ತ ಅಂತ ಕೆತ್ತಿರುತ್ತಾರೆ. ಯಾವ ಜಗಳ ಅನ್ನುವುದು ಕಲ್ಲಿನಲ್ಲೇ ಇರುತ್ತೆ. ಪಾಪ್ಪಿಯಲ್ಲಿ ಅದಿಲ್ಲ. ಸೊಮ್ ಕಂದಕದಲ್ಲಿ ಸತ್ತ ಹುಡುಗನೂ ಅದೇ ಹೂವಿನಲ್ಲಿ, ಡೆರ್ರಿಗೆ ಹೋದ ಸೈನ್ಯವೂ ಅದೇ ಹೂವಿನಲ್ಲಿ. ಹಾಗಿರುವಾಗ ಒಬ್ಬೊಬ್ಬರಿಗೆ ಒಂದೊಂದು ಕಾಣುವುದು ತಪ್ಪು ಹೇಗಾಗುತ್ತೆ?

ನೀನು ಜಲಿಯನ್‌ವಾಲಾ ಬಾಗ್ ಅಂದಿದ್ದೆ. ಸರಿಯಾಗೇ ಅಂದೆ. 1918ರ ನವೆಂಬರ್ 11ಕ್ಕೆ ಯುದ್ಧ ನಿಂತಿತು. ಐದು ತಿಂಗಳಿಗೆ, 1919ರ ಏಪ್ರಿಲ್ 13ಕ್ಕೆ, ಅಮೃತಸರದಲ್ಲಿ ಗುಂಡು ಹಾರಿತು. ಆ ಯುದ್ಧಕ್ಕೆ ಅಷ್ಟೊಂದು ಗಂಡುಮಕ್ಕಳನ್ನು ಕಳಿಸಿದ ಪಂಜಾಬಿಗೆ ಸಿಕ್ಕ ಉಡುಗೊರೆ ಅದು. ಹೋದ ವರ್ಷ ನೀನು ಇದನ್ನು ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆದರೆ ನನಗೆ ಬಿಡಲಾಗದ ಇನ್ನೊಂದು ನೆನಪಿದೆ. ನೀನು ಆರನೇ ಕ್ಲಾಸಿನಲ್ಲಿದ್ದಾಗ ದೆಹಲಿಗೆ ಹೋಗಿದ್ದೆವಲ್ಲ, ತೀನ್ ಮೂರ್ತಿಯ ಮುಂದೆ ಐಸ್‌ಕ್ರೀಮ್ ಹಿಡಿದುಕೊಂಡು ಫೋಟೋ ತೆಗೆಸಿಕೊಂಡೆ. ನಿನ್ನ ಹಿಂದಿರುವ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರಿನವರು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ, ಜೋಧಪುರದವರು ಕುದುರೆ ಮೇಲೆ ಊರಿಗೆ ನುಗ್ಗಿದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆ ಹತ್ತಿದವರು ನಮ್ಮ ಮೈಸೂರು ಲ್ಯಾನ್ಸರ್ಸ್. ಎದುರಿಗೆ ಮಷೀನ್ ಗನ್, ಇವರ ಕೈಯಲ್ಲಿ ಭರ್ಜಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಎಷ್ಟು ಸಲ ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇಳಿದು ನೋಡಲಿಲ್ಲ. ಆ ಯುದ್ಧಕ್ಕೆ ನಮ್ಮ ದೇಶದಿಂದ ಹೋದವರು 13 ಲಕ್ಷ, ಸತ್ತವರು ಸುಮಾರು 74 ಸಾವಿರ. ಪರರ ಯುದ್ಧ, ನಿಜ. ಆದರೆ ಸತ್ತವರು ಪರರಲ್ಲ ಕಣೇ. ಸಂಬಳಕ್ಕೆ ಹೋದವನಿರಬಹುದು, ಒತ್ತಾಯಕ್ಕೆ ಹೋದವನಿರಬಹುದು. ಗಾಂಧೀಜಿಯೇ 1918ರಲ್ಲಿ ಖೇಡಾದ ಹಳ್ಳಿಗಳಲ್ಲಿ ನಡೆದು, ಸೈನ್ಯಕ್ಕೆ ಸೇರಿ ಅಂತ ಕೇಳಿಕೊಂಡಿದ್ದರು. ಸ್ಟೇಷನ್ನಿನಲ್ಲಿ ಆ ಹೂವು ಚುಚ್ಚಿಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಇದ್ದವರು ಇವರು. ಅವತ್ತು ನಿನಗೆ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ.

2018ರಲ್ಲಿ ಇವರ ನೆನಪಿಗೆ ಅಂತ ಖಾದಿ ಬಟ್ಟೆಯ ಪಾಪ್ಪಿಯನ್ನೂ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ನನಗೆ ಮಾತ್ರ ಅದು ಒಗ್ಗಲಿಲ್ಲ. ಖಾದಿಗೆ ಅದರದೇ ನೆನಪುಗಳಿವೆ.

ಇನ್ನು ನಿನ್ನ ಆಫೀಸಿನ ಮಾತಿಗೆ ಬರುತ್ತೇನೆ. ನಿಮ್ಮ ಅಜ್ಜಿ ತೀರಿಕೊಂಡಾಗ ನೀನು ತುಂಬಾ ಚಿಕ್ಕವಳು. ನನಗೆ ಅಳುವೇ ಬರಲಿಲ್ಲ, ಪುಟ್ಟಿ. ಹದಿಮೂರು ದಿನವೂ ಬಂದವರಿಗೆ ಕಾಫಿ ಕೊಟ್ಟೆ, ಎಲೆ ಹಾಕಿದೆ, ಪಾತ್ರೆ ಎತ್ತಿಟ್ಟೆ. ಹೆತ್ತ ಮಗಳು ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡಿ ಅಂತ ನೆಂಟರು ಹಜಾರದಲ್ಲಿ ಕೂತು ಆಡಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ಮೂರು ತಿಂಗಳಾದ ಮೇಲೆ ಒಂದು ದಿನ ಅಜ್ಜಿಯ ಕನ್ನಡಕದ ಡಬ್ಬಿ ಕೈಗೆ ಸಿಕ್ಕಿತು. ಅವತ್ತು ಅಡುಗೆಮನೆಯ ಬಾಗಿಲು ಹಾಕಿಕೊಂಡು ಸಂಜೆವರೆಗೂ ಅತ್ತೆ. ಯಾರೂ ನೋಡಲಿಲ್ಲ. ಹಾಗಾಗಿ ದುಃಖವನ್ನು ಎಲ್ಲರ ಎದುರು ತೋರಿಸು ಅಂತ ಇನ್ನೊಬ್ಬರನ್ನು ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೂವು ಹಾಕಿಕೊಳ್ಳದೆ ಇದ್ದಿದ್ದು ನಿನ್ನ ತಪ್ಪಲ್ಲ. 'ಎಲ್ಲಿ?' ಅಂತ ಕೇಳಿದ್ದು ಅವರ ತಪ್ಪು. ಹೂವು ಮಾರುವ ಸಂಸ್ಥೆಯೇ, ಹಾಕಿಕೊಳ್ಳುವುದು ಅವರವರ ಇಷ್ಟ ಅನ್ನುತ್ತೆ.

ಹೋದ ವರ್ಷ ನೀನು ನನಗೆ 'ತೆಗಿ' ಅಂದಿದ್ದೂ ಅದೇ ಥರದ ತಪ್ಪು. ಬೇಜಾರು ಮಾಡಿಕೊಳ್ಳಬೇಡ, ಮನಸ್ಸಿನಲ್ಲಿ ಇಟ್ಟುಕೊಂಡರೆ ಕೊಳೆಯುತ್ತೆ ಅಂತ ಹೇಳಿಬಿಟ್ಟೆ.

ಮತ್ತೆ ಯಾರಾದರೂ ಕೇಳಿದರೆ ಬರೀ 'ಹಾಕಲ್ಲ' ಅನ್ನಬೇಡ. ಹೈಫಾ ಹೇಳು, ಅಮೃತಸರ ಹೇಳು. ಕೇಳಿದವರಿಗೆ ಅವರ ಮುತ್ತಜ್ಜನೋ ಯಾರೋ ಇರಬಹುದು, ಅವರ ಕತೆಯನ್ನೂ ಕೇಳು.

ನನಗಾಗಿ ಒಂದು ಕೆಲಸ ಮಾಡು. ಬ್ರೈಟನ್ ಪಕ್ಕದ ಪ್ಯಾಚಮ್ ಗುಡ್ಡದ ಮೇಲೆ 'ಛತ್ರಿ' ಅಂತ ಬಿಳಿ ಅಮೃತಶಿಲೆಯ ಒಂದು ಮಂಟಪ ಇದೆ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ನಮ್ಮ ದೇಶದ ಹಿಂದೂ, ಸಿಖ್ ಸೈನಿಕರನ್ನು ಸುಟ್ಟ ಜಾಗ ಅದು. ಪಕ್ಕದಲ್ಲೇ 53 ಜನರ ಹೆಸರು ಕೆತ್ತಿದ ಕಲ್ಲಿದೆ. ಒಂದು ಭಾನುವಾರ ಹೋಗಿ ಬಾ. ಹೂವು ಹಾಕಿಕೊಂಡಾದರೂ ಹೋಗು, ಹಾಗೇ ಆದರೂ ಹೋಗು. ಅಲ್ಲಿಂದ ವಿಡಿಯೋ ಕಾಲ್ ಮಾಡಿ ಆ ಹೆಸರುಗಳನ್ನು ಒಂದೊಂದಾಗಿ ನನಗೆ ಓದಿ ಹೇಳು. ರಸ್ತೆಯಿಂದ ಹೊಲದ ನಡುವೆ ನಡೆದೇ ಹೋಗಬೇಕಂತೆ. ಮಳೆ ಬಂದಿದ್ದರೆ ಕೆಸರಿರುತ್ತೆ, ಆ ದಪ್ಪ ಬೂಟು ಹಾಕಿಕೊ.

ಇಂತಿ ನಿನ್ನ
ಅಮ್ಮ