ಚುಕ್ಕಿ ಅಕ್ಷರದ ಫಾಂಟ್ ಬಳಸುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಹಳೆಯ ಎಲ್‌ಇಡಿ ಫಲಕಗಳನ್ನು ನೆನಪಿಸುವ ಚುಕ್ಕಿ ಅಕ್ಷರದ ಫಾಂಟ್‌ಗಳನ್ನು ಹಲವರು ಬಳಸುತ್ತಿದ್ದೀರಿ, ನೋಡಿ ಸಂತೋಷವಾಗಿದೆ. ಆದರೆ ಇವು ಶೀರ್ಷಿಕೆಗೆಂದೇ ಇರುವ ಅಕ್ಷರಗಳು. ದಯವಿಟ್ಟು ಇಡೀ ಪ್ಯಾರಾವನ್ನು ಇವುಗಳಲ್ಲಿ ಜೋಡಿಸಬೇಡಿ. ಗಾತ್ರ ಇಳಿದಂತೆ ಚುಕ್ಕಿಗಳ ನಡುವಿನ ತೆರಪು ಮುಚ್ಚಿಹೋಗಿ ಅಕ್ಷರ ಬೂದು ಕಲೆಯಂತೆ ಕಾಣುತ್ತದೆ. ಬೋಲ್ಡ್ ಮಾಡಿದರೂ ಅದೇ ಗತಿ.

ಈ ರೂಪ ಹುಟ್ಟಿದ್ದು ಯಂತ್ರದ ಮಿತಿಯಿಂದ. ಅಗಲಕ್ಕೆ 5, ಎತ್ತರಕ್ಕೆ 7, ಒಟ್ಟು 35 ಚುಕ್ಕಿಗಳ ಚೌಕಟ್ಟಿನಲ್ಲೇ ಇಂಗ್ಲಿಷಿನ ಅಕ್ಷರಗಳನ್ನು ಮೂಡಿಸುತ್ತಿದ್ದರು. 1980ರ ಎಪ್ಸನ್ ಎಂಎಕ್ಸ್-80 ಮುದ್ರಕ 9 ಸೂಜಿಗಳಿಂದ ರಿಬ್ಬನ್ನಿಗೆ ಬಡಿದು ಅಕ್ಷರ ಒತ್ತುತ್ತಿತ್ತು. ಅಷ್ಟು ಬಿಗಿಯಲ್ಲೂ ಓದಿಸಿಕೊಳ್ಳುವ ಅಕ್ಷರ ಕಟ್ಟಿದವರ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ. ಆ ಕಾರಣಕ್ಕೇ ಕೇಳಿಕೊಳ್ಳುತ್ತೇನೆ, ಫಾಂಟನ್ನು ಅಡ್ಡಕ್ಕೆ ಎಳೆದು ಹಿಗ್ಗಿಸಬೇಡಿ. ಅಕ್ಷರಗಳ ನಡುವಿನ ಅಂತರವೂ ಚುಕ್ಕಿಯ ಅಳತೆಗೆ ಹೊಂದಿರಲಿ. ಅರ್ಧ ಚುಕ್ಕಿ ಸರಿದರೂ ಸಾಲು ತಪ್ಪಿದ್ದು ಎದ್ದು ಕಾಣುತ್ತದೆ.

ಅಕ್ಷರಗಳನ್ನು ರೇಖಾಚಿತ್ರವಾಗಿ, ಅಂದರೆ ಅಂಚುಗೆರೆಗಳ ಆಕೃತಿಯಾಗಿ ಪರಿವರ್ತಿಸುವವರು ಗಮನಿಸಿ: ಈ ಚೌಕಟ್ಟಿನ ‘ಎಚ್’ ಅಕ್ಷರಕ್ಕೆ 17 ಚುಕ್ಕಿ. ಪ್ರತಿ ಚುಕ್ಕಿಯೂ ಒಂದು ವೃತ್ತ; ಅದರ ಅಂಚುಗೆರೆಯನ್ನು ಹಿಡಿದಿಡುವ ಬಿಂದುಗಳು ವೃತ್ತಕ್ಕೆ 4ರಂತೆ ಒಟ್ಟು 68. ಸಾದಾ ‘ಎಚ್’ಗೆ 12 ಬಿಂದು ಸಾಕು. ಉದ್ದನೆಯ ಸಾಲಾದರೆ ಕಡತ ಭಾರವಾಗುತ್ತದೆ.

ಕನ್ನಡಕ್ಕೆ 7 ಚುಕ್ಕಿಗಳ ಎತ್ತರ ಸಾಲದು; ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ತಂತ್ರಾಂಶ ತಾನೇ ಬೇರೆ ಫಾಂಟ್ ತಂದು ಕೂರಿಸಬಹುದು. ಪರವಾನಗಿ ಓದಿ, ಬಳಸುವ ಗಾತ್ರದಲ್ಲೇ ಪರೀಕ್ಷಿಸಿ, ನಂತರ ವಿನ್ಯಾಸವನ್ನು ಇಲ್ಲಿ ಹಂಚಿಕೊಳ್ಳಿ.