ರಕ್ತ ತಗೊಂಡೋರು ರಿಪೋರ್ಟ್ ಯಾಕೆ ಕೊಡಲ್ಲ?

ಮಾನ್ಯ ಸಂಪಾದಕರೇ,

ಬುದ್ಧಿಮಾಂದ್ಯ ಮಕ್ಕಳ ಆರೋಗ್ಯದ ಅಧ್ಯಯನದ ಸುದ್ದಿ ಮೊನ್ನೆ ನಿಮ್ಮ ಪತ್ರಿಕೆಲಿ ಓದಿದೆ. ಈ ಮಕ್ಕಳಲ್ಲಿ ಥೈರಾಯ್ಡ್, ಹಲ್ಲು, ಕಿವಿ ತೊಂದರೆ ಜಾಸ್ತಿ ಅಂತ ಬರೆದಿದೀರಿ, ಡಾಕ್ಟರುಗಳು ಸಾಲಾಗಿ ನಿಂತಿರೋ ಫೋಟೋನೂ ಇದೆ. ಆ ಮಕ್ಕಳಲ್ಲಿ ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇರೋ ನನ್ನ ಮಗನೂ ಒಬ್ಬ. ಅವನ ರಿಪೋರ್ಟ್ ಇವತ್ತಿಗೂ ನಮ್ಮ ಕೈಗೆ ಬಂದಿಲ್ಲ.

ಕಳೆದ ಆಷಾಢದಲ್ಲಿ ಈ ಅಧ್ಯಯನಕ್ಕೆ ಕ್ಯಾಂಪ್ ಇದೆ, ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಲಿ ಕರ್ಕೊಂಡ್ ಬನ್ನಿ ಅಂದ್ರು. ರಕ್ತ ತಗೊಂಡಿದ್ದು ಹನ್ನೊಂದೂವರೆಗೆ. ಹಸಿವಾದ್ರೆ ಬಾಯ್ಬಿಟ್ಟು ಹೇಳಕ್ಕೆ ಬರದ ಮಗು, ಸೂಜಿ ನೋಡಿ ಕಿರುಚಾಡ್ದ, ನಾನೂ ಇನ್ನೊಬ್ರೂ ಸೇರಿ ಕೈ ಹಿಡ್ಕೊಂಡ್ವಿ, ಒಂದು ಬಾಳೆಹಣ್ಣು ಕೊಟ್ಟು ಕಳಿಸಿದ್ರು, ಹದಿನೈದು ದಿನದಲ್ಲಿ ರಿಪೋರ್ಟ್ ಅಂದ್ರು. ಈಗ ಯುಗಾದಿ ಬಂತು.

ಪೇಪರ್ ನೋಡಿದ ದಿನಾನೇ ಕೆಲ್ಸಕ್ಕೆ ರಜೆ ಹಾಕಿ ಆಟೋಗೆ ನೂರಾ ಅರವತ್ತು ಕೊಟ್ಟು ಅಧ್ಯಯನ ಮಾಡಿದೋರ ಹತ್ರ ಹೋದೆ. ಹೆಸರೆಲ್ಲಾ ತೆಗೆದು ನಂಬರ್ ಹಾಕಿದೀವಿ, ಯಾರದ್ದು ಯಾವ್ದು ಗೊತ್ತಾಗಲ್ಲ ಅಂದ್ರು. ವಾಪಸ್ ಬರ್ತಾ ದಾರೀಲೇ ಲ್ಯಾಬಲ್ಲಿ ದುಡ್ಡು ಕೊಟ್ಟು ಟೆಸ್ಟ್ ಮಾಡಿಸ್ದೆ. ಥೈರಾಯ್ಡ್ ಸರಿ ಇದ್ಯಾ ಅಂತ ತೋರಿಸೋ ಟಿಎಸ್‌ಎಚ್ 14 ಬಂದಿದೆ, ಇರ್ಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಒಂದು ವರ್ಷದಿಂದ ಅವನು ಮಂಕಾಗಿದ್ದ, ಕಕ್ಕಸಿಗೆ ಹೋಗಕ್ಕೆ ಒದ್ದಾಡ್ತಿದ್ದ, ತೂಕ ಏರ್ತಾನೇ ಇತ್ತು, ಕೇಳಿದಾಗೆಲ್ಲ ಡಾಕ್ಟರು ಡೌನ್ ಸಿಂಡ್ರೋಮ್ ಮಕ್ಕಳು ಇರೋದೇ ಹಿಂಗೆ ಕಣಮ್ಮ ಅಂದ್ರು. ಡೌನ್ ಮಕ್ಕಳಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ನೋಡ್ಬೇಕು ಅಂತ ಡಾಕ್ಟರಿಗೆ ನಾನು ಹೇಳಿಕೊಡ್ಬೇಕಾ? ಸುಮಾರು ಅರ್ಧದಷ್ಟು ಡೌನ್ ಮಕ್ಕಳಿಗೆ ಹುಟ್ತಾನೇ ಹಾರ್ಟ್ ತೊಂದ್ರೆ ಇರುತ್ತೆ, ನನ್ನ ಮಗನಿಗೂ ತೂತಿತ್ತು, ಅದನ್ನೂ ಮೊದಲು ಬರೀ ನೆಗಡಿ ಅಂದಿದ್ರು.

ಅಧ್ಯಯನ ಬೇಡ ಅಂತಿಲ್ಲ ನಾನು, ಬೇಕೇ ಬೇಕು, ನಮ್ಮ ಮಕ್ಕಳ ಬಗ್ಗೆ ಯಾರೂ ನೋಡದೇ ಇರೋದಕ್ಕೇ ಈ ಗತಿ. ಆದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ನೇ ಸೆಕ್ಷನ್ನಲ್ಲಿ ಅರ್ಥ ಆಗೋ ಹಾಗೆ ಹೇಳಿ ಒಪ್ಪಿಗೆ ತಗೋಬೇಕು, ಸರ್ಕಾರದ ಸಮಿತಿ ಅನುಮತಿ ಇರ್ಬೇಕು, ಆ ಸಮಿತಿಲಿ ಕನಿಷ್ಠ ಅರ್ಧ ಜನ ಅಂಗವಿಕಲರೋ ಅವರ ಸಂಘದವರೋ ಆಗಿರ್ಬೇಕು ಅಂತಿದೆ. ನಮ್ಮ ಹತ್ರ ಸೈನ್ ಹಾಕಿಸ್ಕೊಂಡಿದ್ದು ಇಂಗ್ಲಿಷ್ ಹಾಳೆ ಮೇಲೆ. ಆ ಸಮಿತಿ ಎಲ್ಲಿದೆ, ಯಾರಿದಾರೆ ಅದ್ರಲ್ಲಿ?

ಇದೇ ಕಾಯ್ದೆ 25ರಲ್ಲಿ ಆಸ್ಪತ್ರೆಲಿ ಇವರನ್ನ ಮೊದಲು ನೋಡ್ಬೇಕು ಅಂತಾನೂ ಇದೆ. ಓಪಿಡಿ ಕ್ಯೂಲಿ ಅಂಗವಿಕಲರ ಗುರುತಿನ ಕಾರ್ಡ್ ತೋರಿಸಿದ್ರೆ ಎಲ್ರೂ ಅರ್ಜೆಂಟೇ ಅಂತಾರೆ. ಆ ಯುಡಿಐಡಿ ಕಾರ್ಡ್‌ಗೆ ಮೂರು ಸಲ ಅಲೆಸಿದ್ರು, ಒಮ್ಮೆ ಡಾಕ್ಟರ್ ರಜೆ, ಒಮ್ಮೆ ಸರ್ವರ್ ಡೌನ್, ಒಮ್ಮೆ ಫೋಟೋ ಸರಿ ಇಲ್ಲ. ಮಾಸಾಶನ ಎರಡು ತಿಂಗಳು ನಿಂತಾಗ ಮಗು ಬದುಕಿದಾನಾ ಅಂತ ಕೇಳಿದ ಗುಮಾಸ್ತನ ಮುಖ ಇನ್ನೂ ಮರೆತಿಲ್ಲ ನಾನು.

ಎಲ್ಲಾ ಮಕ್ಕಳ ರಿಪೋರ್ಟ್ ತಂದೆ ತಾಯಿಗೆ ಕೊಡಿಸ್ಬೇಕು, ಕೊಡಕ್ಕಾಗಲ್ಲ ಅಂದ್ರೆ ನಮ್ಮ ಮಕ್ಕಳ ಮೈ ಮುಟ್ಟಬೇಡಿ. ಜಿಲ್ಲಾಧಿಕಾರಿಗಳು ಇದನ್ನ ವಿಚಾರಿಸ್ಬೇಕು, ಆರೋಗ್ಯ ಇಲಾಖೆಯವರೂ ವಿಚಾರಿಸ್ಬೇಕು, ಯಾರಾದ್ರೂ ಒಬ್ರು ವಿಚಾರಿಸಿ. ಎಂಟು ತಿಂಗಳು ಕಪಾಟಲ್ಲಿ ರಿಪೋರ್ಟ್ ಇಟ್ಕೊಂಡು ಫೋಟೋಗೆ ನಿಂತ್ರಲ್ಲ, ನಾಚಿಕೆ ಆಗ್ಬೇಕು.

ಇಂತಿ,
ಒಬ್ಬ ತಾಯಿ, ದಾವಣಗೆರೆ