ಸೀಡರ್ ಹೊಟ್ಟು ಇನ್ನು ನಮ್ಮಲ್ಲಿ ಸಿಗುವುದಿಲ್ಲ

ಆತ್ಮೀಯ ಗ್ರಾಹಕರೇ,

ಗಿನಿ ಪಿಗ್ ಗೂಡಿನಲ್ಲಿ ಹಾಸುವ ಬೆಡ್ಡಿಂಗ್‌ನಲ್ಲಿ ಸೀಡರ್ ಮರದ ಹೊಟ್ಟು, ಹಸಿ ಪೈನ್ ಹೊಟ್ಟು, ಸೆಂಟ್ ಹಾಕಿದ್ದು ಮೂರನ್ನೂ ನಿಲ್ಲಿಸಿದ್ದೇವೆ. ಗಿನಿ ಪಿಗ್‌ಗಳಿಗೆ ಇನ್ನು ಪೇಪರ್ ಬೆಡ್ಡಿಂಗ್, ಭಟ್ಟಿಯಲ್ಲಿ ಒಣಗಿಸಿದ ಪೈನ್ ಹೊಟ್ಟು, ಫ್ಲೀಸ್ ಎಂಬ ಮೆತ್ತನೆ ಬಟ್ಟೆಯ ಹಾಸು ಇಷ್ಟೇ. ಅಭ್ಯಾಸವಾದ ಚೀಲ ಸಿಗದೆ ಬರಿಗೈಯಲ್ಲಿ ಹೋದವರು ದಯವಿಟ್ಟು ಕ್ಷಮಿಸಿ. ತೀರ್ಮಾನವನ್ನಂತೂ ಬದಲಿಸುವುದಿಲ್ಲ.

ಎಲ್ಲರದ್ದೂ ಒಂದೇ ದೂರು: "ಸೀಡರ್ ಇದ್ದಾಗ ಮನೆ ಘಮ್ ಅಂತಿತ್ತು, ಪೇಪರ್ ಹಾಕಿದ ಮೇಲೆ ಮೂರೇ ದಿನಕ್ಕೆ ನಾತ." ಆ ಘಮವೇ ತೊಂದರೆ. ಸೀಡರ್ ಮರದಲ್ಲಿರುವ ಫೀನಾಲ್‌ನಂಥ ಅಂಶಗಳು ಗಾಳಿಗೆ ಸೇರಿ ಶ್ವಾಸನಾಳವನ್ನು ಕೆಣಕುತ್ತವೆ. ಪೈನ್‌ನಲ್ಲೂ ಇವು ಇರುತ್ತವೆ, ಭಟ್ಟಿಯ ಬಿಸಿಗೆ ಬಹಳಷ್ಟು ಹೋಗುತ್ತವೆ. ನೀವು ನಿಂತಲ್ಲಿಂದ ಮೂಸುತ್ತೀರಿ. ಗಿನಿ ಪಿಗ್‌ನ ಮೂಗು ದಿನವಿಡೀ ಹಾಸಿನಿಂದ ಎರಡು ಬೆರಳು ಮೇಲಿರುತ್ತದೆ, ನಿದ್ದೆಯೂ ಅದರ ಮೇಲೇ. ಇನ್ನು ನಾತ ಬರುವುದು ಉಚ್ಚೆ ಕೊಳೆತು ಹುಟ್ಟುವ ಅಮೋನಿಯಾದಿಂದ. ಸೀಡರ್ ಅದನ್ನು ನಮ್ಮ ಮೂಗಿಗೆ ಮುಚ್ಚಿಡುತ್ತಿತ್ತು, ಅಷ್ಟೇ. ಒದ್ದೆ ಮೂಲೆ ಆಗಲೂ ಒದ್ದೆಯೇ ಇತ್ತು, ಅಲ್ವಾ?

ಹುಲ್ಲು ತಿನ್ನುವ ಜಾಗ, ಮಲಗುವ ಮೂಲೆ ಇವೇ ಬೇಗ ನೆನೆಯುವುದು. ಅಲ್ಲಿ ಐದಾರು ಸೆಂಟಿಮೀಟರ್ ದಪ್ಪ ಹಾಕಿ, ನೆನೆದಷ್ಟನ್ನು ದಿನಾ ಎತ್ತಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಒದ್ದೆಯಲ್ಲೇ ನಿಂತರೆ ಪಾದ ಹುಣ್ಣಾಗುತ್ತದೆ. ಬರೀ ಒಣಹುಲ್ಲು ಹಾಸಿದರೆ ಸಾಲದು. ಅದು ಊಟ, ಉಚ್ಚೆ ಹೀರುವುದಿಲ್ಲ. ಬೆಕ್ಕಿಗೆ ಹಾಕುವ ಗಟ್ಟಿಯಾಗುವ ಮರಳನ್ನಂತೂ ಬಳಸಲೇಬೇಡಿ, ಹೊಟ್ಟೆಗೆ ಹೋದರೆ ಅಪಾಯ.

ಬೆಲೆ ಏರಿಸಿ ಚೀಲ ಚಿಕ್ಕದು ಮಾಡಿದ್ದೀರಿ ಅನ್ನುವ ಮಾತು ನಮಗೆ ನಿಜಕ್ಕೂ ಬೇಜಾರು ತಂದಿದೆ. ಪೇಪರ್ ಬೆಡ್ಡಿಂಗ್ ಹತ್ತಿಯಂತೆ. ತೂಕವಿಲ್ಲ, ಜಾಗ ಮಾತ್ರ ಜಾಸ್ತಿ. ನಾಲ್ಕು ಚೀಲಕ್ಕೇ ಗಾಡಿ ತುಂಬಿಬಿಡುತ್ತದೆ, ಬಾಡಿಗೆ ಮಾತ್ರ ಇಡೀ ಗಾಡಿಯದ್ದು. ಆ ಬಾಡಿಗೆಯಲ್ಲಿ ನಮಗೆ ಬಿಡಿಗಾಸೂ ಉಳಿಯುವುದಿಲ್ಲ. ಅದಕ್ಕೇ ಒತ್ತಿ ಕಟ್ಟಿದ ಚೀಲ ತರಿಸುತ್ತಿದ್ದೇವೆ. ಸುಮ್ನೆ ಸುರಿಯಬೇಡಿ, ಕೈಯಲ್ಲಿ ಚೆನ್ನಾಗಿ ಬಿಡಿಸಿ, ಉಬ್ಬುತ್ತದೆ. ಚೀಲದ ಮೇಲೆ ಕಿಲೋ ನೋಡಬೇಡಿ, ಬಿಡಿಸಿದ ಮೇಲೆ ಎಷ್ಟು ಲೀಟರ್ ಎಂದು ನೋಡಿ.

ಪದೇಪದೇ ಕೊಳ್ಳುವುದು ಭಾರವಾದರೆ ಫ್ಲೀಸ್ ನೋಡಿ. ಹೊಸದನ್ನು ಸಾಫ್ಟ್‌ನರ್ ಹಾಕದೆ ನಾಲ್ಕೈದು ಸಲ ಒಗೆಯಿರಿ. ಆಮೇಲೆ ಒಂದು ಚಮಚ ನೀರು ಹನಿಸಿ. ಮಣಿಯಂತೆ ಮೇಲೇ ನಿಂತರೆ ಇನ್ನೊಮ್ಮೆ ಒಗೆಯಬೇಕು, ಸರ‍್ರನೆ ಕೆಳಗಿಳಿದರೆ ಹಾಸಬಹುದು. ಅಡಿಯಲ್ಲಿ ದಪ್ಪ ಟವೆಲ್ ಇರಲಿ.

ಒಡೆಯದ ಸೀಡರ್ ಚೀಲ ಮನೆಯಲ್ಲಿದ್ದರೆ ತನ್ನಿ, ಬದಲಿಸಿ ಕೊಡುತ್ತೇವೆ. ಬಿಲ್ ಬೇಡ, ನಿಮ್ಮ ಮುಖ ನಮಗೆ ಗೊತ್ತು. ಗಿನಿ ಪಿಗ್ ಪದೇಪದೇ ಸೀನುತ್ತಿದ್ದರೆ ಮಾತ್ರ ಬೆಡ್ಡಿಂಗ್ ಬದಲಿಸಿ ಕಾಯುತ್ತಾ ಕೂರಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ.

ನಿಮ್ಮ ಅಂಗಡಿಯವರು